ಹಿಮ ಬೀಳುವ ಮೊದಲೇ ಜಾರುವ ಟೈರು

(ಜರ್ಮನಿಗೆ ಹೊಸದಾಗಿ ಬಂದು ಕಾರು ಕೊಂಡ ಕನ್ನಡಿಗರಿಗಾಗಿ ಸ್ಟುಟ್‌ಗಾರ್ಟ್‌ನಲ್ಲಿ ಅಕ್ಟೋಬರ್ ಕೊನೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಈ ಮೇಜಿನ ಮೇಲಿರುವ ಐಸ್ ಪೆಟ್ಟಿಗೆಯನ್ನು ಈಗಲೇ ತೆರೆಯುವುದಿಲ್ಲ. ಅದರೊಳಗೆ ಬೆರಳುದ್ದದ ಎರಡು ರಬ್ಬರ್ ತುಂಡುಗಳಿವೆ. ಎರಡನ್ನೂ ಸವೆದ ಟೈರುಗಳ ಬಟನ್‌ನಿಂದ, ಎಂದರೆ ನೆಲ ಮುಟ್ಟುವ ಉಬ್ಬುಗಳಿಂದ, ಕತ್ತರಿಸಿದ್ದೇನೆ. ಒಂದು ಸ್ಪೋರ್ಟ್ಸ್ ಕಾರಿಗೆ ಹಾಕುವ ಬೇಸಿಗೆ ಟೈರಿನದು, ಇನ್ನೊಂದು ಸಾಧಾರಣ ಚಳಿಗಾಲದ ಟೈರಿನದು. ನಿನ್ನೆ ರಾತ್ರಿಯಿಡೀ ಅವು ನಮ್ಮ ಮನೆಯ ಫ್ರೀಜರ್‌ನಲ್ಲಿ, ಮೈನಸ್ 18 ಡಿಗ್ರಿಯಲ್ಲಿದ್ದವು. ಅದೇ ಟೈರುಗಳಿಂದ ತೆಗೆದ ಇನ್ನೆರಡು ತುಂಡುಗಳು ನನ್ನ ಜೇಬಿನಲ್ಲಿದ್ದು ಮೈಬಿಸಿಗೆ ಬೆಚ್ಚಗಾಗಿವೆ. ಇವನ್ನು ಮುಂದಿನ ಸಾಲಿಗೆ ಕೊಡುತ್ತಿದ್ದೇನೆ. ಬಾಗಿಸಿ ನೋಡಿ, ಹಿಂದಿನವರಿಗೆ ದಾಟಿಸಿ. ಯಾವುದು ಬೇಸಿಗೆಯದು, ಯಾವುದು ಚಳಿಗಾಲದ್ದು ಎಂದು ಬೆರಳಿಗೆ ಸುಲಭವಾಗಿ ತಿಳಿಯುವುದಿಲ್ಲ. ಅದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಈ ತಿಂಗಳು ನನ್ನನ್ನು ಕೇಳಿದವರೆಲ್ಲರ ಪ್ರಶ್ನೆ ಒಂದೇ: "ಇನ್ನೂ ಹಿಮ ಬಿದ್ದಿಲ್ಲವಲ್ಲ, ಈಗಲೇ ಟೈರು ಬದಲಾಯಿಸಬೇಕೇ?" ಈ ಪ್ರಶ್ನೆ ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತು. ನಾನೂ ಬೆಂಗಳೂರಿನವನು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿನ ಟೈರು ಅಂಗಡಿಯವರು ಬಾಯಿಪಾಠ ಮಾಡಿಕೊಂಡಿರುವ ಸಂಖ್ಯೆ 7 ಡಿಗ್ರಿ. ಅದಕ್ಕಿಂತ ಕೆಳಗೆ ಇಳಿದರೆ ಬೇಸಿಗೆ ಟೈರು ಬೇಡ ಎನ್ನುತ್ತಾರೆ. ಎಂದರೆ ನಾವು ಬಿಟ್ಟು ಬಂದ ಊರು, ನೂರಕ್ಕೂ ಹೆಚ್ಚು ವರ್ಷಗಳ ದಾಖಲೆಯಲ್ಲಿ ಒಮ್ಮೆಯೂ ಆ ಗೆರೆಯನ್ನು ಮುಟ್ಟಿಲ್ಲ. ನಮ್ಮಲ್ಲಿ ಟೈರಿಗೆ ಬಿಸಿಲಿನ ಭಯವಿತ್ತು. ಏಪ್ರಿಲ್‌ನಲ್ಲಿ ಚಿತ್ರದುರ್ಗದ ಹೆದ್ದಾರಿಯಲ್ಲಿ ಟೈರು ಸಿಡಿದ ಕಥೆ ಎಲ್ಲರ ಮನೆಯಲ್ಲೂ ಇದೆ. ಟೈರಿಗೆ ಚಳಿಯಾಗುತ್ತದೆ ಎಂಬ ಮಾತನ್ನು ನಮಗೆ ಯಾರೂ ಹೇಳಲಿಲ್ಲ, ಹೇಳಬೇಕಾದ ಸಂದರ್ಭವೇ ಇರಲಿಲ್ಲ.

ಆದ್ದರಿಂದ ಚಳಿ ಎಂದರೆ ಹಿಮ, ಹಿಮ ಎಂದರೆ ಜಾರಿಕೆ ಎಂದು ನಾವು ಕೂಡಿಸಿಕೊಳ್ಳುತ್ತೇವೆ. ಜಾರುವುದು ರಸ್ತೆಯ ಗುಣ ಎಂದುಕೊಳ್ಳುತ್ತೇವೆ. ಇವತ್ತು ನಾನು ಹೇಳಲು ಬಂದಿರುವುದು ಇನ್ನೊಂದು ಅರ್ಧ. ಒಣಗಿದ, ಚೊಕ್ಕ ರಸ್ತೆಯ ಮೇಲೂ ಟೈರು ಜಾರಬಲ್ಲದು, ಏಕೆಂದರೆ ಬದಲಾಗಿರುವುದು ರಸ್ತೆಯಲ್ಲ, ರಬ್ಬರ್.

ರಬ್ಬರ್ ಏಕೆ ಬದಲಾಗುತ್ತದೆ? ಕಡಲೆ ಚಿಕ್ಕಿ ಮಾಡುವುದನ್ನು ನೋಡಿರುತ್ತೀರಿ. ಬೆಲ್ಲದ ಪಾಕ ಬಾಣಲೆಯಿಂದ ಮಣೆಗೆ ಇಳಿದಾಗ ಲಟ್ಟಣಿಗೆಗೆ ಬಗ್ಗುತ್ತದೆ, ಎಳೆದರೆ ಎಳೆಯಾಗುತ್ತದೆ. ಹತ್ತು ನಿಮಿಷ ಬಿಟ್ಟು ಅದನ್ನೇ ಬಾಗಿಸಿದರೆ ಟಪ್ಪನೆ ಮುರಿಯುತ್ತದೆ. ಪಾಕ ಅದೇ, ಅದಕ್ಕೆ ಏನೂ ಸೇರಿಲ್ಲ, ಏನೂ ಕಳೆದಿಲ್ಲ. ತಣ್ಣಗಾಗುತ್ತ ಅದು ಮೆದು ಸ್ಥಿತಿಯಿಂದ ಗಾಜಿನ ಸ್ಥಿತಿಗೆ ಹೋಯಿತು. ವಿಜ್ಞಾನದಲ್ಲಿ ಇದನ್ನು ಗಾಜು ಸ್ಥಿತ್ಯಂತರ ಎನ್ನುತ್ತಾರೆ. ನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆಯಾಗುವಂತೆ ಒಂದು ಕ್ಷಣದಲ್ಲಿ ಆಗುವ ಬದಲಾವಣೆ ಅದಲ್ಲ; ಹತ್ತಾರು ಡಿಗ್ರಿಗಳ ಉದ್ದಕ್ಕೂ ಹಂತಹಂತವಾಗಿ ಗಡುಸಾಗುತ್ತ ಹೋಗುವ ಬದಲಾವಣೆ. ರಬ್ಬರ್‌ಗೂ ಹೀಗೆಯೇ. ನಮ್ಮ ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರದಿಂದ ಇಳಿಸುವ ಹಾಲಿನ ರಬ್ಬರ್ ಸುಮಾರು ಮೈನಸ್ 70 ಡಿಗ್ರಿಯಲ್ಲಿ ಗಾಜಾಗುತ್ತದೆ. ಕಾರ್ಖಾನೆಯ ಪಾಲಿಬ್ಯುಟಾಡೈಯೀನ್ ಸುಮಾರು ಮೈನಸ್ 100ರವರೆಗೂ ತಡೆದುಕೊಳ್ಳುತ್ತದೆ. ಸ್ಟೈರೀನ್ ಬ್ಯುಟಾಡೈಯೀನ್ ಎಂಬ ರಬ್ಬರ್‌ನಲ್ಲಿ ಸ್ಟೈರೀನ್ ಅಂಶ ಹೆಚ್ಚಿಸುತ್ತ ಹೋದರೆ ಈ ಗೆರೆ ಮೇಲಕ್ಕೆ, ಮೈನಸ್ ಇಪ್ಪತ್ತರ ಆಸುಪಾಸಿಗೂ ಬರಬಹುದು. ಟೈರು ತಯಾರಿಸುವವರು ಅಡುಗೆಯವರ ಹಾಗೆ ಇವುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸುತ್ತಾರೆ. ಚಳಿಗಾಲದ ಟೈರಿಗೆ ಮೊದಲ ಎರಡು ಬಗೆಯವು ಹೆಚ್ಚು, ವೇಗದ ಬೇಸಿಗೆ ಟೈರಿಗೆ ಕೊನೆಯದು ಹೆಚ್ಚು.

ಇಲ್ಲಿ ಒಬ್ಬರು ಕೈಯೆತ್ತಿದ್ದಾರೆ, ಪ್ರಶ್ನೆ ಸರಿಯಾಗಿದೆ: ಗಾಜಾಗುವುದು ಮೈನಸ್ ಇಪ್ಪತ್ತರಲ್ಲಾದರೆ ಪ್ಲಸ್ ಐದರಲ್ಲಿ ನಮಗೇಕೆ ಚಿಂತೆ? ಮತ್ತೆ ಚಿಕ್ಕಿಗೇ ಬನ್ನಿ. ಅರ್ಧ ಆರಿದ ಚಿಕ್ಕಿಯನ್ನು ಮೆಲ್ಲಗೆ ಬಾಗಿಸಿದರೆ ಬಾಗುತ್ತದೆ. ಥಟ್ಟನೆ ಕುಟ್ಟಿದರೆ ಅದೇ ಚಿಕ್ಕಿ ಒಡೆಯುತ್ತದೆ. ಈ ಬಗೆಯ ವಸ್ತುಗಳಿಗೆ ವೇಗದ ಪೆಟ್ಟು ಎಂದರೂ ಒಂದೇ, ಚಳಿ ಎಂದರೂ ಒಂದೇ. ವಿಲಿಯಮ್ಸ್, ಲ್ಯಾಂಡೆಲ್, ಫೆರ್ರಿ ಎಂಬ ಮೂವರು ವಿಜ್ಞಾನಿಗಳು 1955ರಲ್ಲಿ ಇದಕ್ಕೊಂದು ಸೂತ್ರವನ್ನೇ ಕೊಟ್ಟರು. ನೀವು ಬ್ರೇಕ್ ಒತ್ತಿದಾಗ ಟೈರಿನ ಮೇಲ್ಮೈ ಡಾಂಬರಿನ ಜಲ್ಲಿಯ ಮೇಲೆ, ಆ ಜಲ್ಲಿಯ ಮೇಲಿನ ಕಣ್ಣಿಗೆ ಕಾಣದ ಒರಟಿನ ಮೇಲೆ ಉಜ್ಜುತ್ತ ಸಾಗುತ್ತದೆ. ಒಂದು ಸೆಕೆಂಡಿನೊಳಗೆ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಬಾರಿ ಅದು ಅದುಮಿಸಿಕೊಂಡು ಬಿಡಿಸಿಕೊಳ್ಳುತ್ತದೆ. ಆ ವೇಗದಲ್ಲಿ ರಬ್ಬರ್ ತನ್ನ ನಿಜವಾದ ಉಷ್ಣತೆಗಿಂತ ಎಷ್ಟೋ ತಣ್ಣಗಿರುವಂತೆ ವರ್ತಿಸುತ್ತದೆ. ನಿಮ್ಮ ಬೆರಳಿಗೆ ಮೆದುವಾಗಿರುವ ಟೈರು ರಸ್ತೆಗೆ ಗಡುಸಾಗಿರಬಹುದು. ಈ ಒಂದು ಮಾತು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ ಎಂದು ನಾನು ನಂಬಿದ್ದೇನೆ.

ಟೈರಿನ ಹಿಡಿತ ಎಂದರೆ ರಬ್ಬರ್ ಆ ಜಲ್ಲಿಯ ಸಂದುಗೊಂದುಗಳಿಗೆ ಇಳಿದು, ತಬ್ಬಿ, ಬಿಡಿಸಿಕೊಳ್ಳುವಾಗ ಶಕ್ತಿಯನ್ನು ಬಿಸಿಯಾಗಿ ಕಳೆಯುವುದು. ಗಡುಸಾದ ರಬ್ಬರ್ ಸಂದಿಗೆ ಇಳಿಯುವುದಿಲ್ಲ, ಜಲ್ಲಿಯ ತುದಿಗಳ ಮೇಲೆ ತೇಲುತ್ತದೆ. ಒಂದು ಟೈರು ನೆಲವನ್ನು ಮುಟ್ಟುವ ಜಾಗ ನಿಮ್ಮ ಅಂಗೈಯಷ್ಟು. ನಾಲ್ಕು ಅಂಗೈಗಳ ಮೇಲೆ ಒಂದೂವರೆ ಟನ್ ಕಾರು, ಅದರೊಳಗೆ ನಿಮ್ಮ ಮನೆಮಂದಿ.

ನಾನು ಇದನ್ನು ಪುಸ್ತಕದಿಂದ ಕಲಿತವನಲ್ಲ. ಇಲ್ಲಿಗೆ ಬಂದ ಎರಡನೆಯ ವರ್ಷ ಬಳಸಿದ ಕಾರೊಂದನ್ನು ಕೊಂಡೆ. ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ಕಾರು, ಅಗಲವಾದ ಬೇಸಿಗೆ ಟೈರು. ಮಾರಿದವರು "ಹಿಮ ಬಂದಾಗ ಬದಲಾಯಿಸಿದರೆ ಸಾಕು" ಎಂದರು, ನಾನು ಒಪ್ಪಿದೆ. ನವೆಂಬರ್‌ನ ಒಂದು ಬೆಳಿಗ್ಗೆ ಮಗಳನ್ನು ಶಿಶುವಿಹಾರಕ್ಕೆ ಬಿಡಲು ಹೊರಟೆ. ಕಾರು ರಾತ್ರಿಯೆಲ್ಲ ಬಯಲಿನಲ್ಲಿ ನಿಂತಿತ್ತು. ಆಕಾಶ ನಿರ್ಮಲವಾಗಿತ್ತು, ರಸ್ತೆ ಒಣಗಿತ್ತು, ಮುಂದಿನ ಫಲಕ 2 ಡಿಗ್ರಿ ತೋರಿಸುತ್ತಿತ್ತು. ಮನೆಯಿಂದ ಅರ್ಧ ಕಿಲೋಮೀಟರ್ ದೂರದ ವೃತ್ತದಿಂದ ಬಲಕ್ಕೆ ಹೊರಬರುತ್ತ ದಿನವೂ ಒತ್ತುವಷ್ಟೇ ಆಕ್ಸಿಲರೇಟರ್ ಒತ್ತಿದೆ. ವೇಗ 30ರ ಹತ್ತಿರ ಇದ್ದಿರಬೇಕು. ಕಾರಿನ ಹಿಂಭಾಗ ಸದ್ದಿಲ್ಲದೆ ಎಡಕ್ಕೆ ಸರಿಯಿತು. ಮಗಳ ನೀರಿನ ಬಾಟಲಿ ಆಸನದಿಂದ ಬಿದ್ದು ಬಾಗಿಲಿಗೆ ಬಡಿದ ಸದ್ದೊಂದೇ ಕೇಳಿಸಿತು. ಫಲಕದಲ್ಲಿ ಹಳದಿ ದೀಪ ಮಿಣುಕಿ, ಕಾರು ಕಾಲುದಾರಿಯ ಅಂಚಿಗೆ ಒಂದು ಗೇಣು ಬಿಟ್ಟು ನಿಂತಿತು. ಕಾಲುದಾರಿಯ ಮೇಲೆ ಆಗ ಯಾರೂ ಇರಲಿಲ್ಲ. ಐದು ನಿಮಿಷ ತಡವಾಗಿದ್ದರೆ ಶಾಲೆಗೆ ಹೋಗುವ ಮಕ್ಕಳಿರುತ್ತಿದ್ದರು.

ಇಳಿದು ಬಗ್ಗಿ ರಸ್ತೆಯನ್ನು ಅಂಗೈಯಿಂದ ಸವರಿದೆ. ಮಂಜಿಲ್ಲ, ಎಣ್ಣೆಯಿಲ್ಲ, ಎಲೆಗಳಿಲ್ಲ. ಬರೀ ಒಣ ಡಾಂಬರು, ಬೆರಳಿಗೆ ತರಿತರಿ. ಆಮೇಲೆ ಟೈರನ್ನು ಮುಟ್ಟಿದೆ. ಹಿಂದಿನ ವಾರ ಹೆದ್ದಾರಿಯಲ್ಲಿ ಓಡಿಸಿ ಬಂದು ಪೆಟ್ರೋಲ್ ಹಾಕಿಸುವಾಗ ಅದೇ ಬಟನ್‌ಗೆ ಹೆಬ್ಬೆರಳಿನ ಉಗುರು ಒತ್ತಿದ್ದೆ. ಉಗುರಿನ ಗುರುತು ಒಂದು ಗಳಿಗೆ ನಿಂತು ಮಾಯವಾಗಿತ್ತು. ಈಗ ಉಗುರು ಒಳಗೆ ಇಳಿಯಲೇ ಇಲ್ಲ. ಹಳೆಯ ಚಪ್ಪಲಿಯ ಹಿಮ್ಮಡಿಯನ್ನು ಒತ್ತಿದಂತಿತ್ತು.

ಲೆಕ್ಕ ಇಷ್ಟವಿರುವವರಿಗೆ ಒಂದು ಲೆಕ್ಕ. 100 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆಯ ಅಂಕ 0.9 ಎಂದಿಟ್ಟುಕೊಂಡರೆ ಬ್ರೇಕ್ ಹಿಡಿದ ಮೇಲೆ ಕಾರು ಸುಮಾರು 44 ಮೀಟರಿಗೆ ನಿಲ್ಲುತ್ತದೆ. ಆ ಅಂಕ 0.7ಕ್ಕೆ ಇಳಿದರೆ 56 ಮೀಟರ್ ಬೇಕು. ಹನ್ನೆರಡು ಮೀಟರ್ ತಾನೇ ಎನ್ನಬೇಡಿ. ಮೊದಲ ಕಾರು ಪೂರ್ತಿ ನಿಂತ ಜಾಗವನ್ನು ಎರಡನೆಯ ಕಾರು ದಾಟುವಾಗ ಅದರ ವೇಗ ಇನ್ನೂ ಗಂಟೆಗೆ ಸುಮಾರು 47 ಕಿಲೋಮೀಟರ್. ಮುಂದಿನ ವಾಹನಕ್ಕೆ ಗುದ್ದುವುದು ಆ ವೇಗದಲ್ಲಿ.

ಈಗ ಒಂದು ತಿದ್ದುಪಡಿ. 7 ಡಿಗ್ರಿ ಎಂಬುದನ್ನು ಲಕ್ಷ್ಮಣರೇಖೆ ಎಂದು ತಿಳಿಯಬೇಡಿ. 8ರಲ್ಲಿ ಭದ್ರ, 6ರಲ್ಲಿ ಅಪಾಯ ಎಂದು ಯಾವ ರಬ್ಬರ್‌ಗೂ ಗೊತ್ತಿಲ್ಲ. ಅದು ನೆನಪಿಡಲು ಅನುಕೂಲವಾದ ಸಂಖ್ಯೆ, ಅಷ್ಟೇ. ಸಾಧಾರಣ ಸಂಸಾರಸ್ಥರ ಕಾರಿನ ಸಾಧಾರಣ ಬೇಸಿಗೆ ಟೈರು ಒಣ ರಸ್ತೆಯಲ್ಲಿ 4 ಡಿಗ್ರಿಗೂ ಸಾಕಷ್ಟು ಚೆನ್ನಾಗಿ ನಿಲ್ಲಬಹುದು. ಅದರ ಬಟನ್‌ಗಳು ದೃಢವಾಗಿರುವುದರಿಂದ ಚಳಿಗಾಲದ ಟೈರಿಗಿಂತ ಕಡಿಮೆ ದೂರದಲ್ಲಿ ನಿಂತರೂ ಆಶ್ಚರ್ಯವಿಲ್ಲ. ಒದ್ದೆ ರಸ್ತೆಯಾದರೆ ಆ ಮಾತು ಬೇರೆ, ಹಿಮವಾದರೆ ಮಾತೇ ಇಲ್ಲ. ನನ್ನ ಎಚ್ಚರಿಕೆಯ ಮುಖ್ಯ ಗುರಿ ವೇಗಕ್ಕೆಂದೇ ಮಾಡಿದ ಬೇಸಿಗೆ ಟೈರುಗಳು. ಅದರಲ್ಲೂ ರೇಸ್ ಮೈದಾನದ ಟೈರಿಗೆ ರಸ್ತೆಯಲ್ಲಿ ಓಡಿಸುವ ಕಾನೂನಿನ ಒಪ್ಪಿಗೆ ಮಾತ್ರ ಸೇರಿಸಿದಂತಿರುವ, ಬಟನ್‌ಗಳ ನಡುವಿನ ಗೀರುಗಳೇ ಕಡಿಮೆ ಇರುವ ಟೈರುಗಳು. ಅವು ಕೆಟ್ಟ ಟೈರುಗಳಲ್ಲ. ಜುಲೈ ತಿಂಗಳ ಬಿಸಿ ಡಾಂಬರಿನ ಮೇಲೆ ಅವುಗಳಷ್ಟು ನಂಬಿಕೆಯ ಟೈರು ಬೇರೆ ಸಿಗುವುದಿಲ್ಲ. ಬಿಸಿಯಲ್ಲಿ ಕೊಡುವ ಆ ಹಿಡಿತಕ್ಕಾಗಿಯೇ ಅವುಗಳ ರಬ್ಬರ್ ಚಳಿಯನ್ನು ತಾಳುವ ಗುಣವನ್ನು ಬಿಟ್ಟುಕೊಟ್ಟಿದೆ.

"ಸ್ವಲ್ಪ ಓಡಿಸಿದರೆ ಟೈರು ಬಿಸಿಯಾಗುತ್ತದಲ್ಲ?" ಎಂದು ಕೇಳುವವರಿದ್ದಾರೆ. ರೇಸ್ ಮೈದಾನದಲ್ಲಿ ಆಗುತ್ತದೆ. ಊರಿನೊಳಗೆ 50ರ ವೇಗದಲ್ಲಿ, ಸಿಗ್ನಲ್‌ಗಳಲ್ಲಿ ನಿಲ್ಲುತ್ತ, ತಣ್ಣನೆಯ ರಸ್ತೆಗೆ ಬಿಸಿಯನ್ನೆಲ್ಲ ಕೊಡುತ್ತ ಹೋಗುವ ಅಗಲ ಟೈರು ತನಗೆ ಬೇಕಾದ ಉಷ್ಣತೆಗೆ ಏರುವುದೇ ಇಲ್ಲ. ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುವ ಕಾರಿದೆ ಎನ್ನುವವರಿಗೂ ಒಂದು ಮಾತು. ಆ ಯಂತ್ರ ಹೊರಡಲು ನೆರವಾಗುತ್ತದೆ. ನಿಲ್ಲಿಸುವಾಗ ಎಲ್ಲ ಕಾರುಗಳ ಬ್ರೇಕೂ ನಾಲ್ಕು ಚಕ್ರಗಳದ್ದೇ. ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್, ಇರುವ ಹಿಡಿತವನ್ನು ಜಾಣತನದಿಂದ ಹಂಚುತ್ತದೆ, ಇಲ್ಲದ ಹಿಡಿತವನ್ನು ಎಲ್ಲಿಂದ ತರುತ್ತದೆ?

ಇಲ್ಲಿಯವರೆಗೆ ಹೇಳಿದ್ದು ಟೈರಿನಿಂದ ನಮಗೆ ಆಗುವ ಅಪಾಯ. ಚಳಿಯಿಂದ ಟೈರಿಗೇ ಆಗುವ ಗಾಯ ಇನ್ನೊಂದು, ಬಹಳ ಜನರಿಗೆ ಗೊತ್ತಿಲ್ಲದ್ದು. ವೇಗದ ಬೇಸಿಗೆ ಟೈರುಗಳು ಮೈನಸ್ 7 ಡಿಗ್ರಿಗಿಂತ ಕೆಳಗೆ ಬಳುಕುವ ಗುಣ ಕಳೆದುಕೊಂಡು ಮೇಲ್ಮೈಯಲ್ಲಿ ಬಿರುಕು ಬಿಡಬಹುದು ಎಂದು ಮಿಶೆಲಿನ್‌ನಂತಹ ತಯಾರಕರೇ ಎಚ್ಚರಿಸುತ್ತಾರೆ. ಅಂಥ ಚಳಿಯಲ್ಲಿ ಓಡಿಸುವುದಿರಲಿ, ಉರುಳಿಸಲೂ ಬೇಡಿ, ಅಲ್ಲಿ ಇಟ್ಟುಕೊಳ್ಳಲೂ ಬೇಡಿ ಎನ್ನುತ್ತಾರೆ. ಅಮೆರಿಕದ ಶೆವ್ರಲೆ ಕಾರ್ವೆಟ್ ಕೈಪಿಡಿಯಲ್ಲೂ ಇದೇ ಅರ್ಥದ ಎಚ್ಚರಿಕೆಯಿದೆ. ನನ್ನ ಪರಿಚಯದ ಒಬ್ಬರು ಟೈರುಗಳನ್ನು ಬಿಚ್ಚಿಸಿ, ಸರಿಯಾದ ಕೆಲಸ ಮಾಡಿದೆನೆಂಬ ನೆಮ್ಮದಿಯಲ್ಲಿ ತೋಟದ ಮರದ ಕೊಠಡಿಯಲ್ಲಿಟ್ಟಿದ್ದರು. ಜನವರಿಯ ಮೈನಸ್ 12ರ ಬೆಳಿಗ್ಗೆ ಜಾಗ ಬೇಕೆಂದು ಅವನ್ನು ಎತ್ತಿ ಕಲ್ಲುಹಾಸಿನ ಮೇಲೆ ದೊಪ್ಪನೆ ಹಾಕಿದರು. ವಸಂತದಲ್ಲಿ ನೋಡಿದರೆ ಎರಡು ಟೈರುಗಳಲ್ಲಿ ಗೀರಿನ ತಳದಗುಂಟ ಕೂದಲೆಳೆಯಷ್ಟು ಸಣ್ಣ ಬಿರುಕು. ಬೆರಳಿನಿಂದ ಬಟನ್ ಅನ್ನು ಪಕ್ಕಕ್ಕೆ ತಳ್ಳಿದಾಗ ಮಾತ್ರ ಬಾಯಿ ತೆರೆಯುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಇದು ಗ್ಯಾರಂಟಿಯಲ್ಲಿ ಬರುವುದಿಲ್ಲ ಎಂದು ಅಂಗಡಿಯವರು ಹೇಳಿದರು. ನನ್ನ ಪರಿಚಯದವರು ಎರಡನ್ನೂ ಎಸೆದರು, ಎಸೆದದ್ದು ಸರಿ.

ನಿಮ್ಮ ಟೈರುಗಳು ಅಂಥ ಚಳಿಯಲ್ಲಿ ಸಿಕ್ಕಿಕೊಂಡಿದ್ದರೆ ಅವಸರ ಮಾಡಬೇಡಿ. ಬಿಸಿಗಾಳಿ ಯಂತ್ರ ಹಿಡಿಯಬೇಡಿ, ಬಿಸಿನೀರು ಸುರಿಯಬೇಡಿ. ಬೆಚ್ಚಗಿನ ಜಾಗದಲ್ಲಿ ಒಂದು ದಿನ ಸುಮ್ಮನೆ ಇರಗೊಟ್ಟು, ಗೀರುಗಳ ತಳವನ್ನು ಟಾರ್ಚ್ ಹಾಕಿ ನೋಡಿ, ಆಮೇಲೆ ಕದಲಿಸಿ. ಮನೆಯಲ್ಲಿ ಬೆಚ್ಚಗಿನ ನೆಲಮಾಳಿಗೆ ಇಲ್ಲದವರಿಗೆ ಇಲ್ಲಿನ ಗ್ಯಾರೇಜುಗಳು ಟೈರು ಇಟ್ಟುಕೊಳ್ಳುವ ಸೌಲಭ್ಯ ಕೊಡುತ್ತವೆ. ಅದಕ್ಕೆ ರೈಫನ್ ಹೋಟೆಲ್ ಎನ್ನುತ್ತಾರೆ, ಟೈರುಗಳ ವಸತಿಗೃಹ.

ರಬ್ಬರ್ ಮತ್ತು ಚಳಿಯ ವಿಷಯ ಬಂದಾಗಲೆಲ್ಲ ನನಗೆ ಒಂದು ಬೆಳಿಗ್ಗೆ ನೆನಪಾಗುತ್ತದೆ. 1986ರ ಜನವರಿ 28, ಫ್ಲೋರಿಡಾ. ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದಾಗ ನೆಲದಲ್ಲಿ ಸುಮಾರು 2 ಡಿಗ್ರಿ ಇತ್ತು, ರಾತ್ರಿ ಅದಕ್ಕೂ ಕೆಳಗೆ ಇಳಿದಿತ್ತು. ರಾಕೆಟ್ಟಿನ ತುಂಡುಗಳ ಸಂದಿಯನ್ನು ಮುಚ್ಚಬೇಕಿದ್ದ ರಬ್ಬರ್ ಬಳೆಗಳು ಚಳಿಗೆ ಮರಗಟ್ಟಿ, ಸಂದಿ ಅಗಲವಾದಾಗ ತಕ್ಷಣ ಹಿಗ್ಗಲಿಲ್ಲ. ಬಿಸಿ ಅನಿಲ ನುಗ್ಗಿತು. 73 ಸೆಕೆಂಡುಗಳಲ್ಲಿ ನೌಕೆ ಒಡೆದು ಚೂರಾಯಿತು, ಅದರಲ್ಲಿದ್ದ ಏಳು ಜನರ ಪ್ರಾಣ ಹೋಯಿತು. ತನಿಖೆಯ ಸಭೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರ್‌ನ ಒಂದು ತುಂಡನ್ನು ಸಣ್ಣ ಕ್ಲ್ಯಾಂಪಿನಲ್ಲಿ ಬಿಗಿದು ಐಸ್ ನೀರಿನ ಲೋಟದಲ್ಲಿ ಅದ್ದಿ ತೆಗೆದು, ಬಿಡಿಸಿದರೂ ಅದು ಮೊದಲಿನ ಆಕಾರಕ್ಕೆ ಕೂಡಲೇ ಮರಳುವುದಿಲ್ಲ ಎಂದು ಎಲ್ಲರೆದುರು ತೋರಿಸಿದರು. ಹಿಂದಿನ ರಾತ್ರಿಯೇ ಕೆಲವು ಎಂಜಿನಿಯರುಗಳು ಇಷ್ಟು ಚಳಿಯಲ್ಲಿ ಹಾರಿಸಬೇಡಿ ಎಂದು ವಾದಿಸಿದ್ದರು. ಅವರ ಮಾತು ನಡೆಯಲಿಲ್ಲ. ಈ ಐಸ್ ಪೆಟ್ಟಿಗೆಯನ್ನು ಇವತ್ತು ಹೊತ್ತು ತರಲು ಆ ಲೋಟವೇ ಕಾರಣ.

ಕಾನೂನಿನ ಬಗ್ಗೆ ಕೇಳಿದ್ದೀರಿ, ಬೇಗ ಹೇಳಿ ಮುಗಿಸುತ್ತೇನೆ. ಜರ್ಮನಿಯಲ್ಲಿ ಇಂಥ ತಾರೀಕಿನಿಂದ ಇಂಥ ತಾರೀಕು ಎಂಬ ನಿಯಮವಿಲ್ಲ. ರಸ್ತೆಯಲ್ಲಿ ಹಿಮ, ಹಿಮದ ಕೆಸರು, ಮಂಜುಗಡ್ಡೆ ಅಥವಾ ಹೆಪ್ಪುಗಟ್ಟಿದ ಇಬ್ಬನಿ ಇದ್ದರೆ ಚಳಿಗಾಲಕ್ಕೆ ಒಪ್ಪಿತವಾದ ಟೈರು ಇರಲೇಬೇಕು. ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿತ್ರವನ್ನು ನೋಡಿಕೊಳ್ಳಿ. ಬರೀ ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮ) ಎಂದಿದ್ದ ಹಳೆಯ ಟೈರುಗಳಿಗೆ ಕೊಟ್ಟಿದ್ದ ಅವಕಾಶ 2024ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ತಪ್ಪಿದರೆ 60 ಯೂರೋ ದಂಡ, ಚಾಲಕರ ದಾಖಲೆಯಲ್ಲಿ ತಪ್ಪಿನ ಒಂದು ಪಾಯಿಂಟ್. ಆಸ್ಟ್ರಿಯಾಕ್ಕೆ ಹೋಗುವವರಿಗೆ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಅಲ್ಲಿನ ನಿಯಮ ಬೇರೆ. ನೀವು ಗಮನಿಸಬೇಕಾದದ್ದು ಇದು: ಈ ಜರ್ಮನ್ ಕಾನೂನು ರಸ್ತೆಯನ್ನು ನೋಡುತ್ತದೆ, ಉಷ್ಣಮಾಪಕವನ್ನು ನೋಡುವುದಿಲ್ಲ. ಒಣ ರಸ್ತೆ, ಮೈನಸ್ 5 ಡಿಗ್ರಿ, ರೇಸ್ ಬಗೆಯ ಬೇಸಿಗೆ ಟೈರು. ಪೊಲೀಸರು ನಿಮ್ಮನ್ನು ತಡೆಯುವುದಿಲ್ಲ. ನಾನು ವೃತ್ತದಲ್ಲಿ ಜಾರಿದ ದಿನವೂ ನನ್ನಿಂದ ಯಾವ ಕಾನೂನು ಭಂಗವೂ ಆಗಿರಲಿಲ್ಲ. ಇಲ್ಲಿನ ಹಿರಿಯರು ಹೇಳುವ "ಓ ಇಂದ ಓ ವರೆಗೆ", ಎಂದರೆ ಅಕ್ಟೋಬರ್‌ನಿಂದ ಓಸ್ಟರ್ನ್ ಎನ್ನುವ ಈಸ್ಟರ್ ಹಬ್ಬದವರೆಗೆ ಚಳಿಗಾಲದ ಟೈರು ಎಂಬ ಮಾತು, ಕಾನೂನಿಗಿಂತ ಹೆಚ್ಚು ತಿಳಿವಳಿಕೆಯದು.

ಗಾಳಿಯ ಒತ್ತಡವನ್ನೂ ನೋಡಿಕೊಳ್ಳಿ. 20 ಡಿಗ್ರಿಯಲ್ಲಿ 2.5 ಬಾರ್ ತುಂಬಿಸಿದ್ದರೆ ಸೊನ್ನೆ ಡಿಗ್ರಿಯ ಬೆಳಿಗ್ಗೆ ಅದು ಸುಮಾರು 2.25 ಆಗಿರುತ್ತದೆ. ಟೈರು ತೂತಾಗಿಲ್ಲ, ಗಾಳಿ ಕುಗ್ಗಿದೆ.

ಈಗ ಪೆಟ್ಟಿಗೆ ತೆರೆಯುತ್ತೇನೆ. ಬಿಳಿ ದಾರ ಕಟ್ಟಿರುವುದು ಚಳಿಗಾಲದ್ದು, ಕೆಂಪು ದಾರ ಬೇಸಿಗೆಯದು. ಬೇಗ ಬೇಗ ದಾಟಿಸಿ, ಕೈಬಿಸಿಗೆ ಕರಗಿಬಿಡುತ್ತದೆ ಆ ಗಡುಸು. ಬಿಳಿ ದಾರದ್ದು ತಣ್ಣಗಿದ್ದರೂ ಬಾಗುತ್ತಿದೆ, ಅಲ್ಲವೇ? ಕೆಂಪು ದಾರದ್ದನ್ನು ಮೇಜಿಗೆ ಕುಟ್ಟಿ. ಆ ಸದ್ದು ರಬ್ಬರಿನದಲ್ಲ, ಮರದ ತುಂಡಿನದು. ಸ್ವಲ್ಪ ಹೊತ್ತಿನ ಹಿಂದೆ ಇದರ ಜೊತೆಯದನ್ನೇ ನೀವು ಬೆರಳಿಗೆ ಸುತ್ತಿಕೊಂಡಿರಿ.

ಕೊನೆಯ ಸಾಲಿನ ಗೆಳೆಯರೊಬ್ಬರ ಪ್ರಶ್ನೆ: "ನನ್ನ ಕಾರಿನಲ್ಲಿ ಈಗ ಇರುವುದು ಇಂಥದೇ ಟೈರು. ಇವತ್ತು ರಾತ್ರಿ ಉಲ್ಮ್‌ಗೆ ಹಿಂತಿರುಗಬೇಕು. ಹೋಗಬಹುದೇ?"

ಹೊರಗೆ ಈಗ 6 ಡಿಗ್ರಿ ಇದೆ. ಆದರೆ ಸ್ಟುಟ್‌ಗಾರ್ಟ್ ಕಣಿವೆಯ ಊರು, ಸುಮಾರು 250 ಮೀಟರ್ ಎತ್ತರ. ನಿಮ್ಮ ದಾರಿ ಎ8 ಹೆದ್ದಾರಿಯಲ್ಲಿ ಶ್ವೇಬಿಷ್ ಆಲ್ಬ್ ಗುಡ್ಡ ಹತ್ತಿ 700 ಮೀಟರ್ ದಾಟುತ್ತದೆ. ಇಲ್ಲಿ 6 ಇದ್ದರೆ ಅಲ್ಲಿ 2 ಇರಬಹುದು, ಆಕಾಶ ಬಿಚ್ಚಿಕೊಂಡರೆ ಸೊನ್ನೆ. ಮೇಲೆ ಸೇತುವೆಗಳಿವೆ, ಅವು ಎರಡೂ ಕಡೆಯಿಂದ ತಣ್ಣಗಾಗುತ್ತವೆ. ಮಧ್ಯಾಹ್ನದ ಮಳೆಯ ತೇವ ಇನ್ನೂ ಆರಿಲ್ಲ. ಹೋಗಬೇಡಿ. ಕಾರನ್ನು ಇಲ್ಲೇ ಬಿಡಿ, ಉಲ್ಮ್‌ಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ನಾಳೆ ಮಧ್ಯಾಹ್ನ ಬಿಸಿಲು ಬಂದ ಮೇಲೆ ಬನ್ನಿ, ನನ್ನ ಪರಿಚಯದ ಗ್ಯಾರೇಜಿಗೆ ಒಟ್ಟಿಗೆ ಹೋಗೋಣ, ಟೈರು ಹಾಕಿಸಿಕೊಂಡೇ ಹೊರಡಿ. ನಿಮ್ಮನ್ನು ನಿಲ್ದಾಣಕ್ಕೆ ನಾನು ಬಿಡುತ್ತೇನೆ.